ಉಸಿರೂ ಧೈರ್ಯವೂ

ರೋಗಿಯು ಧೈರ್ಯ ತಾಳಿದರೆ ಗುಣಹೊಂದುವನು, ಧೈರ್ಯಗೆಟ್ಟರೆ ಕೆಡುವನು ಎಂದು ಲೋಕದಲ್ಲಿ ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ದಿಟ? ಉಸಿರಾಟದ ಯಂತ್ರದಿಂದ, ಎಂದರೆ ವೆಂಟಿಲೇಟರಿನಿಂದ, ಮೆಲ್ಲಮೆಲ್ಲನೆ ಬಿಡುಗಡೆ ಹೊಂದುತ್ತಿರುವವರ ವಿಷಯದಲ್ಲಿ ಈ ಪ್ರಶ್ನೆ ವಿಶೇಷವಾಗಿ ವಿಚಾರಾರ್ಹವಾಗಿದೆ. ಅಲ್ಲಿ ದಿನದಿನವೂ ಪರೀಕ್ಷೆ. ಸೋತವನಿಗೆ ತಾನೇ ಅಪರಾಧಿಯೆಂಬ ಭಾವ ಬರುವುದು ಸಹಜ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಯಂತ್ರವೇ ಉಸಿರಾಡಿಸುತ್ತಿರುವಾಗ ಎದೆಗೂ ಹೊಟ್ಟೆಗೂ ನಡುವಣ ವಪೆಯು ಕೆಲಸವಿಲ್ಲದೆ ಕೆಲವೇ ದಿನಗಳಲ್ಲಿ ಕೃಶವಾಗತೊಡಗುತ್ತದೆ. ಆದಕಾರಣ ವೈದ್ಯರು ಯಂತ್ರದ ನೆರವನ್ನು ತಗ್ಗಿಸಿ, ಸಾಮಾನ್ಯವಾಗಿ 30 ನಿಮಿಷದಿಂದ 2 ಗಂಟೆಯವರೆಗೆ, ರೋಗಿಯು ಸ್ವಂತವಾಗಿ ಉಸಿರಾಡಬಲ್ಲನೇ ಎಂದು ಪರೀಕ್ಷಿಸುತ್ತಾರೆ. ಹಲವರಿಗೆ ಮೊದಲ ಪರೀಕ್ಷೆಯೇ ಸಾಕು. ಕೆಲವರಿಗೆ ವಾರಗಳು ಬೇಕು. ಭಯ ಬಂದರೆ ಉಸಿರು ಶೀಘ್ರವೂ ಅಲ್ಪವೂ ಆಗುತ್ತದೆ. ಉಸಿರು ಸಾಲದಾದಂತೆ ಭಯ ಬೆಳೆಯುತ್ತದೆ. ಬಾಯಿಂದ ಇಳಿಸಿದ ನಳಿಗೆಯು ಧ್ವನಿತಂತುಗಳ ನಡುವೆ ಹಾದಿರುವುದರಿಂದ, ಅಂಜಿಕೆಯಾಗುತ್ತಿದೆ ಎಂದು ಹೇಳಲೂ ಆಗದು.

ಹಾಗಾದರೆ ಧೈರ್ಯವೇ ಔಷಧವೆಂಬುದು ಸಿದ್ಧವಾಯಿತಲ್ಲವೇ ಎಂದು ಕೇಳಬಹುದು. ಸಿದ್ಧವಾಗಲಿಲ್ಲ. ಕೃಶವಾದ ಸ್ನಾಯು ಆಜ್ಞೆಯಿಂದ ಬಲಿಯದು. ಆರೋಗ್ಯವಂತರಾದ ನಾವಾದರೂ ಸಂಕಲ್ಪಬಲದಿಂದ ಉಸಿರಾಡುತ್ತಿರುವೆವೇ? ನಿದ್ರಿಸುವಾಗ ನಮ್ಮ ಉಸಿರನ್ನು ನಡೆಸುವ ಪೌರುಷ ಯಾರದು? ಉಸಿರಾಡುವುದರಲ್ಲಿ ನಮಗೆ ಹೆಮ್ಮೆ ಸಲ್ಲದಿದ್ದರೆ, ಉಸಿರು ಸಾಲದವನಿಗೆ ನಿಂದೆಯೂ ಸಲ್ಲದು. ಧೈರ್ಯವು ಸಹಾಯಕವೇ ಸರಿ. ಆದರೆ ಅದು ರೋಗಿಯಿಂದ ವಸೂಲು ಮಾಡತಕ್ಕ ಸಾಲವಲ್ಲ, ಸುತ್ತಲಿನವರು ಅವನಿಗೆ ಒದಗಿಸತಕ್ಕ ಆಸರೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ, ಉಸಿರಾಟದ ಸ್ನಾಯುಗಳು ಕುಂದಿದವರಿಗೆ ಸಾಕಷ್ಟು ಯಂತ್ರಗಳಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ರೋಗಿಗಳ ಕತ್ತಿನಲ್ಲಿ ರಂಧ್ರಮಾಡಿ ನಳಿಗೆಯಿಟ್ಟರು. ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಹಾಸಿಗೆಯ ಬಳಿ ಕುಳಿತು, ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬಿದರು. ಅಂತಹ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಮೇಲಿದ್ದ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಉಸಿರು ನೀಡುವ ಕೈಯ ಎದುರಿಗೇ ರೋಗಿಯ ಮುಖವಿತ್ತು. ಇಂದು ಕೈಯ ಕೆಲಸವನ್ನು ಯಂತ್ರವು ಚೆನ್ನಾಗಿಯೇ ಮಾಡುತ್ತದೆ; ಮುಖ ನೋಡುವ ಕೆಲಸವನ್ನು ಮಾತ್ರ ಅದಕ್ಕೆ ಒಪ್ಪಿಸಲಾಗದು. ಅದು ಮನುಷ್ಯನ ಪಾಲಿಗೇ ಉಳಿದಿದೆ.

ಆದುದರಿಂದ ಗೃಹಸ್ಥರು ಗಮನಿಸಬೇಕಾದುದು ಇಷ್ಟು. ಪರೀಕ್ಷೆಗೆ ಮುನ್ನ ಅದು ಎಷ್ಟು ಹೊತ್ತಿನದೆಂದು ರೋಗಿಗೆ ತಿಳಿಯಲಿ. ಗಡಿಯಾರವೂ ಕಿಟಕಿಯ ಬೆಳಕೂ ಅವನ ಕಣ್ಣಿಗೆ ಬೀಳಲಿ. ಅಕ್ಷರಗಳ ಹಲಗೆಯನ್ನಾದರೂ ಕೊಟ್ಟು, ಅವನ ಉತ್ತರಕ್ಕೆ ಕಾಯುವ ತಾಳ್ಮೆ ನಮಗಿರಲಿ. ನಾಳೆಯೇ ಮನೆಗೆ ಹೋಗುವೆಯೆಂಬ ಸುಳ್ಳು ಬೇಡ. ಇಂದು ಸ್ನಾಯು ದಣಿದಿದೆ, ವಿಶ್ರಮಿಸಿ ಮತ್ತೆ ಯತ್ನಿಸೋಣ ಎಂಬ ನಿಜವೇ ಸಾಕು.

ಕೆಲವರಿಗೆ ಯಂತ್ರವು ಪೂರ್ಣವಾಗಿ ತಪ್ಪದು. ರಾತ್ರಿ ಅದರ ನೆರವು ಪಡೆದು ಮನೆಯಲ್ಲಿ ಬಾಳುವವರಿದ್ದಾರೆ. ಆ ಬಾಳು ಕೀಳೆನ್ನಲು ನಾವು ಯಾರು? ಎಳೆಯತನದಲ್ಲಿ ಪರರ ಕೈಯ ತುತ್ತಿನಿಂದ ಬೆಳೆದವರು ನಾವೆಲ್ಲರೂ. ಯಾರ ಬಲದಿಂದ ಉಸಿರಾಡುತ್ತಾನೆ ಎಂಬುದು ಬಾಳಿನ ಅಳತೆಗೋಲಲ್ಲ. ಆ ಉಸಿರಿರುವ ತನಕ ಅವನನ್ನು ಮನುಷ್ಯನೆಂದು ಕಂಡು ಮಾತನಾಡಿಸುವವರು ಇದ್ದಾರೆಯೇ ಎಂಬುದನ್ನೇ ಕೇಳಿಕೊಳ್ಳಬೇಕು.