ನೀರು ಕೆಟ್ಟಿದೆ ಎಂದವನು ಒಳ್ಳೆಯವನೇ ಆಗಿರಬೇಕೆ?

ನಿಜ ಹೇಳುವವನು ನಮಗೆ ಹಿಡಿಸಿದರೆ ಮಾತ್ರ ಅವನ ಮಾತು ಕೇಳುತ್ತೇವೆಯೇ? ಇಬ್ಸನ್‌ನ ‘ಆ್ಯನ್ ಎನಿಮಿ ಆಫ್ ದ ಪೀಪಲ್’ ನಾಟಕ ತೆರೆಗೆ ಬಂದ ಬಗೆಯನ್ನು ನೋಡಿದರೆ ಹೌದೆನ್ನಿಸುತ್ತದೆ.

1882ರ ಈ ನಾಟಕದಲ್ಲಿ ನಾರ್ವೆಯ ಒಂದು ಊರು ತನ್ನ ಸ್ನಾನಗೃಹಗಳಿಗೆ ಬರುವ ಜನರನ್ನು ನೆಚ್ಚಿಕೊಂಡಿದೆ. ಅಲ್ಲಿನ ನೀರಿಗೆ ಚರ್ಮ ಹದ ಮಾಡುವ ಕಡೆಯ ಹೊಲಸು ಸೇರುತ್ತಿದೆ ಎಂದು ಡಾಕ್ಟರ್ ಸ್ಟಾಕ್‌ಮನ್ ಪತ್ತೆ ಮಾಡುತ್ತಾನೆ. ಮೇಯರ್ ಅವನ ಸ್ವಂತ ಅಣ್ಣ. ಬೆನ್ನಿಗಿದ್ದ ಪತ್ರಿಕೆಯೂ ಖರ್ಚಿನ ಲೆಕ್ಕ ಕೇಳಿ ಹಿಂದೆ ಸರಿಯುತ್ತದೆ. ಊರು ಸಭೆ ಸೇರಿ ಅವನನ್ನು ಜನರ ಶತ್ರು ಎಂದು ತೀರ್ಮಾನಿಸುತ್ತದೆ.

ಆದರೆ ಆ ಸಭೆಯಲ್ಲಿ ಅವನು ಆಡುವ ಮಾತು ನಮಗೂ ಮುಜುಗರ ತರುವಂಥದ್ದು. ಬಹುಮತ ಎಂದೂ ಸರಿಯಲ್ಲ ಎನ್ನುತ್ತಾನೆ. ಸಾಮಾನ್ಯ ಜನರನ್ನು ಬೀದಿನಾಯಿಗೂ ತಿಳಿದವರನ್ನು ಒಳ್ಳೆಯ ತಳಿಯ ನಾಯಿಗೂ ಹೋಲಿಸುತ್ತಾನೆ.

ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿದ್ದ 1950ರಲ್ಲಿ ಆರ್ಥರ್ ಮಿಲ್ಲರ್ ಈ ನಾಟಕವನ್ನು ಹೊಸದಾಗಿ ಬರೆದರು. ಒಂಟಿ ದನಿಯ ಪರ ನಿಲ್ಲುವುದು ಅವರ ಉದ್ದೇಶ. ಆದರೆ ಹಿಟ್ಲರನನ್ನು ಕಂಡ ಪ್ರೇಕ್ಷಕರ ಮುಂದೆ ತಳಿಯ ವಾದ ನಿಲ್ಲುವಂತಿರಲಿಲ್ಲ, ಅದನ್ನು ತೆಗೆದರು. ಸ್ಟೀವ್ ಮೆಕ್‌ಕ್ವೀನ್ ನಟಿಸಿದ 1978ರ ಸಿನಿಮಾ ಮಿಲ್ಲರ್ ರೂಪವನ್ನೇ ಆಧರಿಸಿದೆ.

ಸತ್ಯಜಿತ್ ರಾಯ್ 1989ರ ‘ಗಣಶತ್ರು’ವಿನಲ್ಲಿ ಕಥೆಯನ್ನು ಬಂಗಾಳಕ್ಕೆ ತಂದರು. ಸ್ನಾನಗೃಹದ ಜಾಗದಲ್ಲಿ ದೇವಸ್ಥಾನ, ಕೆಟ್ಟಿರುವುದು ಭಕ್ತರು ಕುಡಿಯುವ ತೀರ್ಥ. ತುಳಸಿ, ಗಂಗಾಜಲ ಸೇರಿದ ತೀರ್ಥ ಕೆಡುವುದುಂಟೆ ಎಂಬುದು ಎದುರಾಳಿಗಳ ವಾದ. ತುಂಬಿದ ಸಭೆಯಲ್ಲಿ ಡಾಕ್ಟರಿಗೆ ‘ನೀನು ಹಿಂದೂವೇ?’ ಎಂಬ ಪ್ರಶ್ನೆ ಬರುತ್ತದೆ. ನೀರಿನ ಪರೀಕ್ಷೆ ಅಲ್ಲಿಗೆ ಮನುಷ್ಯನ ಪರೀಕ್ಷೆಯಾಗುತ್ತದೆ. ಧರ್ಮ ರಾಜಕೀಯಕ್ಕೆ ಬಳಕೆಯಾಗುತ್ತಿದ್ದ ಆ ವರ್ಷಗಳ ಆತಂಕ ಇಲ್ಲಿ ನೇರವಾಗಿ ಕಾಣುತ್ತದೆ.

ಸೌಮಿತ್ರ ಚಟರ್ಜಿಯವರ ಡಾಕ್ಟರ್ ಸಭ್ಯ, ಯಾರನ್ನೂ ಹೀಯಾಳಿಸುವುದಿಲ್ಲ. ಇಬ್ಸನ್‌ನ ಡಾಕ್ಟರ್ ಕೊನೆಗೆ ಒಂಟಿತನವನ್ನೇ ಬಲವೆಂದುಕೊಂಡರೆ, ಇವನಿಗೆ ಹೊರಗಿನಿಂದ ಯುವಕರ ಜೈಕಾರ ಕೇಳುತ್ತದೆ.

ಆ ಜೈಕಾರದಲ್ಲಿರುವ ಭರವಸೆ ನಮಗೆ ಬೇಕು, ನಿಜ. ಜನರನ್ನು ನಂಬದೆ ಯಾವ ಸುಧಾರಣೆಯೂ ಆಗದು. ಆದರೂ ಈ ತಿದ್ದುಪಡಿಗಳಲ್ಲಿ ಇಬ್ಸನ್ ನಮ್ಮ ಮುಂದಿಟ್ಟ ಕಷ್ಟವೊಂದು ಕಳೆದುಹೋಗುತ್ತದೆ. ಸಭ್ಯ ಡಾಕ್ಟರನ ಪರ ನಿಲ್ಲುವುದು ಸುಲಭ. ಜಂಬಗಾರ, ಒರಟ, ನಮ್ಮನ್ನೇ ಬೈಯುವವನು ಬಂದು ನೀರು ಕೆಟ್ಟಿದೆ ಎಂದಾಗ ಏನು ಮಾಡುತ್ತೇವೆ?

ಪ್ರಾಜೆಕ್ಟ್ ಮೀಟಿಂಗಿನಲ್ಲಾಗಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಾಗಲಿ, ಇಂಥವನನ್ನು ಸುಮ್ಮನಾಗಿಸಲು ‘ಹೇಳುವ ರೀತಿ ಸರಿಯಿಲ್ಲ’ ಎಂಬ ಒಂದು ಮಾತು ಸಾಕು. ಅವನ ರೀತಿ ಸರಿಯಿಲ್ಲದೆಯೂ ಇರಬಹುದು. ಅದನ್ನು ಅವನಿಗೆ ಆಮೇಲೆ ಹೇಳೋಣ. ಮೊದಲು ನೀರಿನ ರಿಪೋರ್ಟ್ ತರಿಸಿ ಓದೋಣ.