ಬಿಂದಿಗೆ ನೀರಿನ ಪ್ರೀತಿ

ಸಿಟ್ಟೋ ದುಃಖವೋ ಉಕ್ಕಿ ಬಂದಾಗ ಮನಸ್ಸನ್ನು ತಣಿಸುವುದು ಯಾವುದು? ಬುದ್ಧಿಮಾತೇ? ಅದನ್ನು ಕೇಳುವ ಸ್ಥಿತಿಯಲ್ಲಿ ಆಗ ಯಾರೂ ಇರುವುದಿಲ್ಲ. ಕಣ್ಣೀರಿಟ್ಟು ಮಾಡುವ ಪ್ರತಿಜ್ಞೆಯೇ? ಅದರ ಆಯಸ್ಸು ಬಹಳವೆಂದರೆ ಮರುದಿನ ಬೆಳಗಿನವರೆಗೆ. ನಮ್ಮ ಕುಟುಂಬಗಳಲ್ಲಿ ಉಕ್ಕುವ ಭಾವನೆಗೆ ಬೆಲೆ ಹೆಚ್ಚು, ದಿನದಿನದ ಚಿಕ್ಕ ದಯೆಗೆ ಕಡಿಮೆ. ಆದರೆ ನಿಜವಾದ ಬಲವಿರುವುದು ಎರಡನೆಯದರಲ್ಲೇ ಎಂದು ನನಗನಿಸುತ್ತದೆ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ಅರಿಯದವರು ಯಾರು? 2025ರ ನವೆಂಬರ್ 14ರಂದು ತೀರಿಕೊಂಡಾಗ ಅವರಿಗೆ 114 ವರ್ಷ. 2019ರಲ್ಲಿ ಪದ್ಮಶ್ರೀ ಬಂದ ಸಂಗತಿ ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನ ಕಥೆಯನ್ನು ನಾವು ಬೇಗ ದಾಟಿಬಿಡುತ್ತೇವೆ. ಅವರು ಶಾಲೆಯ ಮೆಟ್ಟಿಲು ಹತ್ತದ ಕೂಲಿ ಹೆಂಗಸು. ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬಲಿಲ್ಲ. ಮಕ್ಕಳಿಲ್ಲದ ಹೆಣ್ಣು ಹಳ್ಳಿಯಲ್ಲಿ ಎಂಥ ಮಾತುಗಳನ್ನು ಕೇಳಬೇಕಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಂಥ ದುಃಖದ ಮುಂದೆ ಅವರೂ ಪತಿ ಚಿಕ್ಕಯ್ಯನವರೂ ಮಾಡಿದ್ದೇನು? ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರಾಚೆ 20. ನೆಡುವುದೇನೂ ದೊಡ್ಡದಲ್ಲ, ವನಮಹೋತ್ಸವದ ದಿನ ಯಾರು ಬೇಕಾದರೂ ನೆಟ್ಟಾರು, ಫೋಟೋಕ್ಕೂ ನಿಂತಾರು! ಮಳೆ ನಿಂತ ಮೇಲೆ ಬಿಂದಿಗೆಯಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದದ್ದು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು, ಅದನ್ನೇ ವರ್ಷವರ್ಷವೂ ಮಾಡಿದ್ದು ದೊಡ್ಡದು. ಹೀಗೆ ಬೆಳೆದ ಮರಗಳ ಲೆಕ್ಕ 385 ಎನ್ನುತ್ತಾರೆ. ಸಸಿಗೆ ನಮ್ಮ ಮನಸ್ಸು ಇಂದು ಹೇಗಿದೆ ಎಂಬುದು ಬೇಕಿಲ್ಲ. ಅದಕ್ಕೆ ನೀರು ಬೇಕು.

ಇತ್ತ ಹಾರೋಹಳ್ಳಿ ತಾಲ್ಲೂಕಿನ ಮರಳವಾಡಿಯ ಕಡೆ ರೇಷ್ಮೆ ಸಾಕುವವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ನಾಲ್ಕನೇ ಜ್ವರ ಎದ್ದ ಹುಳು ಹಸಿದು ಕಾದಿರುವಾಗ, ಮನೆಯಲ್ಲಿ ಅಣ್ಣತಮ್ಮಂದಿರು ಕಾದಾಡಿ ಮುಖ ತಿರುಗಿಸಿಕೊಂಡಿದ್ದರೂ ಹಿಪ್ಪುನೇರಳೆ ಸೊಪ್ಪು ತಂದು ಹಾಕಲೇಬೇಕು. ಹಾಕುತ್ತಾ ನಿಂತಷ್ಟು ಹೊತ್ತು ಸಿಟ್ಟಿಗೆ ಅರ್ಧ ಜಾಗವೇ ಉಳಿಯುತ್ತದೆ. ಅಲ್ಲಿರುವುದು ಗೂಡಿನ ಆಸೆ, ದಯೆಯಲ್ಲ ಎಂದೀರಿ. ಒಪ್ಪಿದೆ. ಆದರೂ ಕೈ ಇನ್ನೊಂದು ಜೀವದ ಹಸಿವಿಗೆ ಒದಗಿದಾಗ ಕಣ್ಣು ತನ್ನ ಗಾಯದಿಂದ ಸ್ವಲ್ಪ ಆಚೆ ಸರಿಯುತ್ತದೆ. ತಿಮ್ಮಕ್ಕನವರ ದಾರಿಯಲ್ಲೂ ಹೀಗೇ ನಡೆದಿರಬೇಕು.

ಹಾಗಾದರೆ ಮನಸ್ಸಿಲ್ಲದೆ ಮಾಡುವ ಉಪಕಾರ ಬೂಟಾಟಿಕೆಯಲ್ಲವೇ? ನಾಲ್ಕು ಜನರನ್ನು ಮೆಚ್ಚಿಸಲು ಮಾಡಿದರೆ ಹೌದು. ಆದರೆ ರಾತ್ರಿ ಮಾತಿಗೆ ಮಾತು ಬೆಳೆದ ಮನೆಯಲ್ಲಿ ಬೆಳಿಗ್ಗೆ ಸೊಸೆ ಅತ್ತೆಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ. ಅತ್ತೆ ಸೊಸೆಯ ಪಾಲಿನ ಮುದ್ದೆ ಮುಚ್ಚಿಡುತ್ತಾಳೆ. ಇಬ್ಬರ ಸಿಟ್ಟೂ ನಿಜ, ಮಾತ್ರೆಯೂ ಮುದ್ದೆಯೂ ನಿಜ. ದಿನ ಕಳೆದಂತೆ ಇವೆರಡರಲ್ಲಿ ಯಾವುದು ಉಳಿಯುತ್ತದೆಂದು ಸಂಸಾರ ನಡೆಸಿದವರಿಗೆ ಗೊತ್ತು. ಪ್ರೀತಿಯಿಲ್ಲದ ದಾನ ವ್ಯರ್ಥವೆಂದು ಸಂತ ಪೌಲರೇ ಕೊರಿಂಥದವರಿಗೆ ಬರೆದಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅದೇ ಅಧ್ಯಾಯದಲ್ಲಿ ಪ್ರೀತಿ ಎಂದರೇನೆಂದು ಹೇಳತೊಡಗಿದಾಗ ಅವರು ಮೊದಲು ಹೆಸರಿಸುವುದು ಸಹನೆಯನ್ನು, ಆಮೇಲೆ ದಯೆಯನ್ನು.

ದಯೆಯಿಂದ ದುಃಖ ಅಳಿದುಹೋಗುತ್ತದೆಂದು ನಾನು ಹೇಳಲಾರೆ. ಆ ಮರಗಳನ್ನು ತಿಮ್ಮಕ್ಕನವರು ತಮ್ಮ ಮಕ್ಕಳೆಂದೇ ಕರೆಯುತ್ತಿದ್ದರು. ಆ ಕರೆಯಲ್ಲಿ ಹಳೆಯ ಕೊರತೆಯ ನೆನಪೂ ಇದ್ದೇ ಇದೆ. 1991ರಲ್ಲಿ ಚಿಕ್ಕಯ್ಯನವರೂ ಹೋದರು. 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೆ ಕುತ್ತು ಬಂದಾಗ, ನೂರು ದಾಟಿದ್ದ ಆ ತಾಯಿ ಅವುಗಳನ್ನು ಉಳಿಸಿಕೊಡಿ ಎಂದು ಸರ್ಕಾರವನ್ನು ಕೇಳಿಕೊಂಡರು.