ಕಾಯಿಲೆಯ ಸಾಲ ಪಾಪವೇ?



ಕಳೆದ ತಪಸ್ಸುಕಾಲದ ಒಂದು ರಾತ್ರಿ ನನ್ನ ತಂಗಿಯ ಮಗಳು ಅಮೆರಿಕದಿಂದ ಫೋನ್ ಮಾಡಿದಳು. ಅವಳು ಅಲ್ಲಿ ನರ್ಸ್. ಊರಿನ ಸುದ್ದಿ, ಅಡಿಕೆ ದರ, ಅಜ್ಜಿಯ ಮಂಡಿನೋವು ಎಲ್ಲ ಮಾತಾಡಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಮಾಮ, ಅಮ್ಮನಿಗೆ ಹೇಳಬೇಡಿ. ಆಸ್ಪತ್ರೆ ಬಿಲ್ಲಿನ ಸಾಲ ಬಾಕಿ ಉಳಿದರೆ ಅದನ್ನು ಪಾಪನಿವೇದನೆಯಲ್ಲಿ ಹೇಳಬೇಕಾ?”

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ರಾತ್ರಿ ಪಾಳಿ ಮುಗಿಸಿ ಬರುವಾಗ ಬಸ್ ನಿಲ್ದಾಣದಲ್ಲಿ ತಲೆಸುತ್ತಿ ಬಿದ್ದಳು. ದಾರಿಹೋಕರು ಯಾರೋ ಆಂಬ್ಯುಲೆನ್ಸ್ ಕರೆದರು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದಳು. ಆಸ್ಪತ್ರೆಯ ಖರ್ಚನ್ನು ವಿಮೆ ಭರಿಸಿತು. ಆದರೆ ಆಂಬ್ಯುಲೆನ್ಸಿನ ಬಾಬ್ತು 1,460 ಡಾಲರ್ ಇವಳ ತಲೆಯ ಮೇಲೆ ಉಳಿಯಿತು. ಅಷ್ಟರಲ್ಲಿ ಮನೆ ಬದಲಿಸಿದ್ದಳು. ಬಿಲ್ಲುಗಳೆಲ್ಲ ಹಳೆಯ ವಿಳಾಸಕ್ಕೆ ಹೋದವು. ಕೊನೆಗೆ ಬಾಕಿಯನ್ನು ಒಂದು ವಸೂಲಿ ಕಂಪನಿಗೆ ಒಪ್ಪಿಸಿದರು. ಇದೆಲ್ಲ ಇವಳಿಗೆ ಗೊತ್ತಾದದ್ದು ಹೊಸ ಬಾಡಿಗೆ ಮನೆಗೆ ಅರ್ಜಿ ಹಾಕಿದಾಗ. ಮನೆಯೊಡೆಯ ಅವಳ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿ ಮನೆ ಕೊಡುವುದಿಲ್ಲ ಎಂದ.

“ನಾನು ಯಾರಿಗೂ ಮೋಸ ಮಾಡಿಲ್ಲ ಮಾಮ. ಆದರೆ ಆ ಕಾಗದ ನೋಡಿದಾಗ ಮೋಸಗಾರ್ತಿ ಅಂತ ಅನ್ನಿಸಿತು” ಎಂದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಆ ಪ್ರಶ್ನೆಯನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅಲ್ಲದೆ ಈ ಪ್ರಶ್ನೆ ಅಮೆರಿಕದಲ್ಲಿಯೇ ನಿಲ್ಲುವಂಥದ್ದೂ ಅಲ್ಲ.

ಅಮೆರಿಕದಲ್ಲಿ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಕಂಪನಿಗಳು ಜನರ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ. ಮನೆ ಬಾಡಿಗೆಗೆ, ಕಾರಿನ ಸಾಲಕ್ಕೆ, ಕೆಲವೊಮ್ಮೆ ಕೆಲಸಕ್ಕೂ ಆ ಚರಿತ್ರೆಯನ್ನು ನೋಡುತ್ತಾರೆ. ಬೇಕೆಂದು ಮಾಡಿದ ಸಾಲದ ಪಕ್ಕದಲ್ಲೇ ಕಾಯಿಲೆಯ ಸಾಲವೂ ಅಲ್ಲಿ ಬರುತ್ತದೆ. ಹೀಗೆ ರಿಪೋರ್ಟುಗಳಲ್ಲಿದ್ದ ಆಸ್ಪತ್ರೆ ಸಾಲ 88 ಬಿಲಿಯನ್ ಡಾಲರ್ ಎಂದು ಅಲ್ಲಿನ ಸರಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷ ಆ ಮೂರು ಕಂಪನಿಗಳು ತೀರಿಸಿದ ಆಸ್ಪತ್ರೆ ಸಾಲವನ್ನು ರಿಪೋರ್ಟಿನಿಂದ ತೆಗೆದುಹಾಕಲು ಒಪ್ಪಿದವು. ತೀರದ ಸಾಲವನ್ನು ಒಂದು ವರ್ಷದವರೆಗೆ ಬರೆಯುವುದಿಲ್ಲ ಎಂದವು. 2023ರ ಏಪ್ರಿಲ್‌ನಿಂದ 500 ಡಾಲರಿಗಿಂತ ಕಡಿಮೆ ಬಾಕಿಯನ್ನೂ ಕೈಬಿಟ್ಟವು. 2025ರ ಜನವರಿಯಲ್ಲಿ ಎಲ್ಲ ಆಸ್ಪತ್ರೆ ಸಾಲವನ್ನೂ ರಿಪೋರ್ಟಿನಿಂದ ತೆಗೆಯಬೇಕೆಂದು ಸರಕಾರ ನಿಯಮ ಮಾಡಿತು. ಅದೇ ಜುಲೈಯಲ್ಲಿ ಟೆಕ್ಸಸ್‌ನ ಒಂದು ಫೆಡರಲ್ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ನ್ಯೂಯಾರ್ಕ್, ಕೊಲರಾಡೊದಂಥ ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾನೂನಿನಿಂದ ಅಂಥ ಸಾಲ ಬರೆಯುವುದನ್ನು ತಡೆದಿವೆ.

ಗಡಿನಾಡಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ತಲಪಾಡಿ ದಾಟಿದರೆ ಕಾನೂನು ಬೇರೆ, ಕಚೇರಿಯ ಭಾಷೆ ಬೇರೆ. ಆದರೆ ಪಾಪ ಗಡಿ ದಾಟಿದರೆ ಬದಲಾಗುವುದಿಲ್ಲ. ಒಂದು ರಾಜ್ಯದಲ್ಲಿ ಕಳಂಕ, ಪಕ್ಕದ ರಾಜ್ಯದಲ್ಲಿ ಏನೂ ಅಲ್ಲ, 501 ಡಾಲರಾದರೆ ಕಳಂಕ, 499 ಆದರೆ ಅಲ್ಲ ಎಂಬ ಗುರುತು ಮನುಷ್ಯನ ಗುಣದ ಗುರುತಾಗಲು ಸಾಧ್ಯವೇ?

ಹಾಗೆಂದು ಸಾಲ ತೀರಿಸಬೇಕಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಧರ್ಮಸಭೆಯ ಬೋಧನೆ ಇದರಲ್ಲಿ ಸ್ಪಷ್ಟವಾಗಿದೆ: ಸಾಲ ತೀರಿಸುವುದು, ಸ್ವಂತ ಮನಸ್ಸಿನಿಂದ ಒಪ್ಪಿಕೊಂಡ ಕರಾರನ್ನು ನಡೆಸುವುದು ನ್ಯಾಯದ ಕಟ್ಟುನಿಟ್ಟಾದ ಬೇಡಿಕೆ. ಆಂಬ್ಯುಲೆನ್ಸಿಗೆ ಡೀಸೆಲ್ ಬೇಕು, ಓಡಿಸಿದವನಿಗೆ ಸಂಬಳ ಬೇಕು. ನಮ್ಮ ಹುಡುಗಿಯೇ ಒಂದು ಆಸ್ಪತ್ರೆಯ ಸಂಬಳದಿಂದ ಬದುಕುತ್ತಿದ್ದಾಳೆ. ಯಾರೂ ಬಿಲ್ಲು ಕಟ್ಟದಿದ್ದರೆ ಅವಳ ಸಂಬಳವೂ ಇಲ್ಲ.

ಆದರೆ ‘ಸ್ವಂತ ಮನಸ್ಸಿನಿಂದ ಒಪ್ಪಿಕೊಂಡ’ ಎಂಬ ಮಾತನ್ನು ಗಮನಿಸಿ. ಬಸ್ ನಿಲ್ದಾಣದಲ್ಲಿ ಎಚ್ಚರ ತಪ್ಪಿ ಬಿದ್ದವಳು ಏನನ್ನು ಒಪ್ಪಿಕೊಂಡಳು? ದರ ಕೇಳಿದಳೇ, ಬೇರೆ ಗಾಡಿ ನೋಡೋಣ ಅಂದಳೇ? ಕಾಯಿಲೆಯ ಸಾಲಕ್ಕೂ ಟಿ.ವಿ. ಕೊಳ್ಳಲು ಮಾಡಿದ ಸಾಲಕ್ಕೂ ಇರುವ ವ್ಯತ್ಯಾಸ ಇದು. ಅವಳು ಕೊಡಬೇಕಾದದ್ದು ಇದೆ, ಸೇವೆಗೆ ನ್ಯಾಯವಾದ ಬೆಲೆ. ಆ ಬೆಲೆ ಎಷ್ಟು ಎನ್ನುವುದೇ ಪ್ರಶ್ನೆ. ಅಲ್ಲಿನ ವಸೂಲಿ ವ್ಯವಹಾರದಲ್ಲಿ ಹಳೆಯ ಬಾಕಿಗಳನ್ನು ಕಟ್ಟುಕಟ್ಟಾಗಿ ಬಹಳ ಅಗ್ಗಕ್ಕೆ ಮಾರುತ್ತಾರೆ. ಹಿಂದೆ ವಸೂಲಿ ಉದ್ಯಮದಲ್ಲೇ ಇದ್ದ ಇಬ್ಬರು 2014ರಲ್ಲಿ ಒಂದು ದತ್ತಿ ಸಂಸ್ಥೆ ಆರಂಭಿಸಿದರು. ಈಗ ಅದರ ಹೆಸರು ಅನ್‌ಡ್ಯೂ ಮೆಡಿಕಲ್ ಡೆಟ್. ಅದು ಬಡವರ ಆಸ್ಪತ್ರೆ ಸಾಲವನ್ನು ಹೀಗೆ ಅಗ್ಗಕ್ಕೆ ಕೊಂಡು, ವಸೂಲಿ ಮಾಡದೆ ಮನ್ನಾ ಮಾಡುತ್ತದೆ. ಸರಾಸರಿ ಒಂದು ಡಾಲರಿನಿಂದ ಸುಮಾರು ನೂರು ಡಾಲರ್ ಸಾಲ ತೀರುತ್ತದೆ ಎಂಬುದು ಆ ಸಂಸ್ಥೆಯ ಲೆಕ್ಕ. ಅಲ್ಲಿನ ಅನೇಕ ಚರ್ಚುಗಳು ಕಾಣಿಕೆ ಎತ್ತಿ ಇದಕ್ಕೆ ಕೊಟ್ಟಿವೆ. ಸಂತೋಷದ ಸುದ್ದಿ. ಆದರೆ ಮಾರುವಾಗ ಒಂದು ಡಾಲರಿಗೆ ಬಿಟ್ಟುಕೊಡುವ ಬಾಕಿಗೆ ಬಡವನ ಬಾಗಿಲಲ್ಲಿ ನೂರು ಡಾಲರ್ ಕೇಳುವುದು ಯಾವ ನ್ಯಾಯ ಎಂಬ ಪ್ರಶ್ನೆಯನ್ನೂ ಅದು ನಮ್ಮ ಮುಂದಿಡುತ್ತದೆ.

ಇನ್ನೊಂದು ವಾದವನ್ನೂ ಕೇಳಬೇಕು. ಸಾಲ ಕೊಡುವವನಿಗೆ ಪಡೆಯುವವನ ವಿಷಯ ಗೊತ್ತಿರಬೇಡವೇ? ಗೊತ್ತಿಲ್ಲದಿದ್ದರೆ ಎಲ್ಲರಿಗೂ ಬಡ್ಡಿ ಏರಿಸುತ್ತಾನೆ, ಇಲ್ಲವೇ ಬಡವರಿಗೆ ಕೊಡುವುದನ್ನೇ ನಿಲ್ಲಿಸುತ್ತಾನೆ. ಈ ವಾದದಲ್ಲಿ ಹುರುಳಿದೆ. ಆದರೆ ಆಗಲೇ ಹೇಳಿದ ಗ್ರಾಹಕ ರಕ್ಷಣಾ ಸಂಸ್ಥೆ 2014ರಲ್ಲಿ ನಡೆಸಿದ ಅಧ್ಯಯನ ಕಂಡುಕೊಂಡದ್ದು ಬೇರೆ: ಆಸ್ಪತ್ರೆ ಬಾಕಿಯಿಂದಾಗಿ ಅಂಕ ಇಳಿದವರು, ಆ ಅಂಕ ಸೂಚಿಸುವುದಕ್ಕಿಂತ ಚೆನ್ನಾಗಿ ತಮ್ಮ ಬೇರೆ ಸಾಲಗಳನ್ನು ತೀರಿಸುತ್ತಿದ್ದರು. ಅಂದರೆ ಕಾಯಿಲೆ ಬಿದ್ದವನನ್ನು ನಂಬಬಾರದವನೆಂದು ಬರೆಯುವುದು ದಯೆಗೆ ಮಾತ್ರವಲ್ಲ, ನಿಜಕ್ಕೂ ವಿರುದ್ಧ. ‘ಎಷ್ಟು ಕೊಡಬೇಕು’ ಎನ್ನುವುದು ಒಂದು ಪ್ರಶ್ನೆ. ‘ನೀನು ಎಂಥ ಮನುಷ್ಯ’ ಎನ್ನುವುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಬಳಸಿದಾಗ ಅನ್ಯಾಯ ಹುಟ್ಟುತ್ತದೆ.

ಪವಿತ್ರ ಗ್ರಂಥ ಈ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಬಿಡುವಾದಾಗ ಓದಿ. ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಅವನೇ ತಂದುಕೊಡಬೇಕು. ಬೀಸುವ ಕಲ್ಲನ್ನು ಅಡವಿಡಿಸಿಕೊಳ್ಳಬಾರದು, ಏಕೆಂದರೆ ಅದು ಆ ಮನೆಯ ಜೀವ. ಬಡವನ ಹೊದಿಕೆಯನ್ನು ಕತ್ತಲಾಗುವ ಮೊದಲು ಹಿಂದಿರುಗಿಸಬೇಕು. ಸಾಲ ಸಾಲವಾಗಿಯೇ ಇದೆ. ಆದರೆ ಸಾಲಗಾರನ ಹೊಸ್ತಿಲಿಗೆ, ಊಟಕ್ಕೆ, ನಿದ್ದೆಗೆ ಕಾವಲಿದೆ. ಅದೇ ಗ್ರಂಥದ 15ನೇ ಅಧ್ಯಾಯದಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ. ವಿಚಿತ್ರವೆಂದರೆ ಅಮೆರಿಕದ ಕಾನೂನಿನಲ್ಲೂ ಬಾಕಿ ಸಾಲ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಏಳು ವರ್ಷ ಮಾತ್ರ ಉಳಿಯಬಹುದು. ಒಬ್ಬನ ಹಳೆಯ ಲೆಕ್ಕವನ್ನು ಸಾಯುವವರೆಗೂ ಹೊರಿಸಬಾರದು ಎಂಬುದನ್ನು ಕಾನೂನೂ ಬಲ್ಲದು. 2025ರ ಜ್ಯೂಬಿಲಿ ವರ್ಷವನ್ನು ಘೋಷಿಸುವಾಗ ಜಗದ್ಗುರು ಫ್ರಾನ್ಸಿಸರು ಬಡ ದೇಶಗಳ ಸಾಲ ಮನ್ನಾ ಮಾಡುವಂತೆ ಶ್ರೀಮಂತ ದೇಶಗಳನ್ನು ಕೇಳಿಕೊಂಡದ್ದೂ ಇದೇ ಹಳೆಯ ಧರ್ಮದ ಬಲದಿಂದ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ಗಳ ಕ್ಷಮೆ ಬೇಡುತ್ತೇವೆ. ಸಂತ ಮತ್ತಾಯರ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದದ ಅರ್ಥ ‘ಸಾಲ’. ಯೇಸುಸ್ವಾಮಿ ಪಾಪವನ್ನು ಸಾಲಕ್ಕೆ ಹೋಲಿಸಿದರು, ಅಳಿಸಿಹಾಕಬಹುದಾದದ್ದು ಎಂದು ತೋರಿಸಲು. ನಾವು ಮಾಡುವುದು ತಿರುಗುಮುರುಗು. ಅಳಿಸಬಹುದಾದ ಸಾಲವನ್ನು ಪಾಪದ ಹಾಗೆ ಒಬ್ಬರ ಮೈಗೆ ಅಂಟಿಸುತ್ತೇವೆ.

‘ನಾವು’ ಎಂದೆ. ಏಕೆಂದರೆ ಆ ರಾತ್ರಿ ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಅಮೆರಿಕದ ಕಂಪನಿಗಳಲ್ಲ, ಒಂದು ನೋಟ್‌ಬುಕ್. ಕೆಲವು ವರ್ಷದ ಹಿಂದೆ ನಾನು ಒಂದು ಸಣ್ಣ ನೆರವು ನಿಧಿಯ ಲೆಕ್ಕ ಬರೆಯುತ್ತಿದ್ದೆ. ಬಡ್ಡಿಯಿಲ್ಲದ ಕೈಸಾಲ ಕೊಡುತ್ತಿದ್ದೆವು. ಹಿಂದಿರುಗಿಸದವರ ಹೆಸರಿನ ಮುಂದೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಒಬ್ಬರು ಹೆಂಡತಿಯ ಡಯಾಲಿಸಿಸ್‌ಗೆ 8,000 ರೂಪಾಯಿ ತೆಗೆದುಕೊಂಡಿದ್ದರು. ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿಬರುವುದು ಎಂದರೆ ನಿಮಗೇ ಗೊತ್ತು. ಆ ತಾಯಿ ತೀರಿಹೋದರು. ಹಣ ಬರಲಿಲ್ಲ. ಗೆರೆ ಎಳೆದೆ. ಮುಂದಿನ ವರ್ಷ ಮಗಳ ಶಾಲೆಯ ಫೀಸಿಗೆ ಅವರು ಕೇಳಿಕೊಂಡು ಬಂದಾಗ ನಾನು ಬಾಯಿಬಿಟ್ಟು ಇಲ್ಲ ಎನ್ನಲಿಲ್ಲ. ಪುಟ ತೆರೆದು ಮೇಜಿನ ಮೇಲಿಟ್ಟೆ, ಅಷ್ಟೆ. ಅವರು ನೋಡಿದರು, ಎದ್ದು ಹೋದರು. ಕ್ರಮೇಣ ಕನ್ನಡ ಪೂಜೆಗೆ ಬರುವುದನ್ನೂ ಬಿಟ್ಟರು. ಮಲಯಾಳ ಪೂಜೆಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು. ಅಲ್ಲಿ ಆ ನೋಟ್‌ಬುಕ್ ನೋಡಿದವರು ಯಾರೂ ಇಲ್ಲವಲ್ಲ. ನಾವೇ ನಾಲ್ಕು ಮನೆಯ ಕನ್ನಡದವರು. ಅದರಲ್ಲಿ ಒಂದು ಮನೆಯನ್ನು ನಾನು ಒಂದು ಗೆರೆಯಿಂದ ಕಳೆದುಕೊಂಡೆ.

ಹುಡುಗಿಯ ಪ್ರಶ್ನೆಯನ್ನು ನಮ್ಮ ಗುರುಗಳ ಮುಂದಿಟ್ಟೆ. “ಕೊಡಲು ಆಗಿಯೂ ಕೊಡದಿರುವುದು ಪಾಪ. ಕೊಡಲಾಗದಿರುವುದು ಕಷ್ಟ. ಕಷ್ಟವನ್ನು ಪಾಪನಿವೇದನೆಯಲ್ಲಿ ಹೇಳಬೇಕಾಗಿಲ್ಲ, ನೆರೆಯವರಿಗೆ ಹೇಳಬೇಕು” ಎಂದರು. ಅದನ್ನೇ ಅವಳಿಗೆ ತಿಳಿಸಿದೆ. ಅವಳು ಅಮ್ಮನಿಗೂ ಹೇಳಿದಳು, ಅಲ್ಲಿನ ಗೆಳತಿಯರಿಗೂ ಹೇಳಿದಳು. ಗೊತ್ತಿದ್ದ ಒಬ್ಬಳು ದಾರಿ ತೋರಿಸಿದಳು.

ಆ ದಾರಿ ನಿಮ್ಮ ಮಕ್ಕಳಿಗೂ ಬೇಕಾದೀತು. ವಸೂಲಿ ಕಂಪನಿಯ ಕಾಗದ ಬಂದ 30 ದಿನದೊಳಗೆ ‘ಈ ಸಾಲವನ್ನು ಸಾಬೀತು ಮಾಡಿ’ ಎಂದು ಬರವಣಿಗೆಯಲ್ಲಿ ಕೇಳಬಹುದು. ಉತ್ತರ ಕೊಡುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ರಿಪೋರ್ಟಿನಲ್ಲಿ ತಪ್ಪಿದ್ದರೆ ಯಾವಾಗ ಬೇಕಾದರೂ ಆ ಮೂರು ಕಂಪನಿಗಳಿಗೆ ದೂರು ಬರೆಯಬಹುದು. ಸಾಮಾನ್ಯವಾಗಿ 30 ದಿನದಲ್ಲಿ ತನಿಖೆಯಾಗಬೇಕು. ಲಾಭಕ್ಕಾಗಿ ನಡೆಸದ ಆಸ್ಪತ್ರೆಯ ಬಿಲ್ಲಾದರೆ, ಮೊದಲ ಬಿಲ್ಲಿನಿಂದ 240 ದಿನದವರೆಗೆ ಧನಸಹಾಯಕ್ಕೆ ಅರ್ಜಿ ಹಾಕಬಹುದು. ಅಂಥ ಕಥೋಲಿಕ ಆಸ್ಪತ್ರೆಗಳೂ ಅಲ್ಲಿ ಬಹಳ ಇವೆ.

ನಮ್ಮ ದೇಶದಲ್ಲಿ ಆಸ್ಪತ್ರೆಯ ಬಿಲ್ಲು ನೇರವಾಗಿ ಸಿಬಿಲ್‌ಗೆ ಹೋಗುವುದಿಲ್ಲ. ಆದರೆ ಬಿಲ್ಲು ಕಟ್ಟಲು ತೆಗೆದ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡು, ಚಿನ್ನದ ಸಾಲ ಹೋಗುತ್ತವೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಸಿಗುತ್ತದೆ. ತಪ್ಪಿದ್ದರೆ ದೂರು ಕೊಡಿ; 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ನಮ್ಮ ಹುಡುಗಿ ಲೆಕ್ಕ ತರಿಸಿದಳು, ಮಾತಾಡಿ ಮೊತ್ತ ಇಳಿಸಿದಳು, ಎರಡು ಕಂತಿನಲ್ಲಿ ತೀರಿಸಿದಳು. ತೀರಿಸಿದ ಆಸ್ಪತ್ರೆ ಸಾಲ ರಿಪೋರ್ಟಿನಲ್ಲಿ ಉಳಿಯಬಾರದೆಂಬ ಕ್ರಮ ಇರುವುದರಿಂದ ಆ ಸಾಲು ಅಳಿದುಹೋಯಿತು.

ನನ್ನ ಕೆಂಪು ಗೆರೆ ಹಾಗೆ ತಾನಾಗಿ ಅಳಿಯುವುದಿಲ್ಲ. ಪವಿತ್ರ ವಾರ ಕಳೆದ ಮೇಲೆ ಆ ಮನೆಗೆ ಹೋದೆ. ನೋಟ್‌ಬುಕ್ ಒಯ್ಯಲಿಲ್ಲ. ಅವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಕ್ಷಮೆ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ನೋಡಿ, “ಮಗಾ, ಚಾ ಇಡು” ಎಂದರು. ಪೂಜೆಗೆ ಬರುತ್ತೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬರುವಾಗ ಗೇಟಿನವರೆಗೆ ಬಂದು, “ಇನ್ನೊಮ್ಮೆ ಬನ್ನಿ” ಎಂದರು.

ಹೋಗಬೇಕು. ನಿಮ್ಮ ಮನೆಯಲ್ಲೂ, ಮನಸ್ಸಿನಲ್ಲೂ ಅಂಥ ಒಂದು ಪುಸ್ತಕವಿದ್ದರೆ ಈ ವಾರ ತೆರೆದು ನೋಡಿ. ಕಾಯಿಲೆ ಬಂದದ್ದಕ್ಕೆ ಯಾರ ಹೆಸರಿನ ಮುಂದಾದರೂ ಗೆರೆ ಬಿದ್ದಿದೆಯೇ?